ಬೇಸ್ ಗಿಟಾರ್‌ನ ಭೂಸಂಪರ್ಕ

ಬೇಸ್ ಗಿಟಾರ್‌ನ ಭೂಸಂಪರ್ಕವು ವಿದ್ಯುತ್ ಬೇಸ್ ಗಿಟಾರ್‌ನ ಲೋಹದ ಭಾಗಗಳನ್ನು, ಮುಖ್ಯವಾಗಿ ಬ್ರಿಡ್ಜ್ ಹಾಗೂ ಅದರ ಮೂಲಕ ತಂತಿಗಳನ್ನು, ವಾದ್ಯದೊಳಗಿನ ವಿದ್ಯುನ್ಮಂಡಲದ ಸಾಮಾನ್ಯ ಬಿಂದುವಿಗೆ ಜೋಡಿಸುವ ವ್ಯವಸ್ಥೆಯಾಗಿದೆ. ಹೆಚ್ಚಿನ ವಾದ್ಯಗಳಲ್ಲಿ ಬ್ರಿಡ್ಜ್‌ನ ಅಡಿಯಿಂದ ನಿಯಂತ್ರಣಗಳ ಕುಳಿಗೆ ಹಾಯುವ ಒಂದೇ ಒಂದು ವೈರ್ ಈ ಕೆಲಸವನ್ನು ನಿರ್ವಹಿಸುತ್ತದೆ. ವಾದಕರು ತಂತಿಗಳನ್ನು ಮುಟ್ಟಿದಾಗ ಅವರ ದೇಹವು ಮಂಡಲದ ಸಾಮಾನ್ಯ ಬಿಂದುವಿನ ವಿಭವಕ್ಕೆ ಬರುತ್ತದೆ. ಆಗ ದೇಹವು ಗದ್ದಲವನ್ನು ಹೊತ್ತು ತರುವ ಆಂಟೆನಾ ಆಗುವ ಬದಲು ಗದ್ದಲವನ್ನು ತಡೆಯುವ ಕವಚವಾಗುತ್ತದೆ. ಇದೇ ವೈರ್ ವಾದಕರನ್ನು ಕೇಬಲ್‌ನ ಮೂಲಕ ಆಂಪ್ಲಿಫೈಯರ್‌ನ ಲೋಹದ ಚೌಕಟ್ಟಿಗೂ ಜೋಡಿಸುತ್ತದೆ. ಆದ್ದರಿಂದ ವಾದಕರ ಸುರಕ್ಷತೆಯು ಆಂಪ್ಲಿಫೈಯರ್ ಹಾಗೂ ಕಟ್ಟಡದ ಭೂಸಂಪರ್ಕ ಸರಿಯಾಗಿರುವುದನ್ನು ಅವಲಂಬಿಸಿದೆ.

ಪರಿಭಾಷೆ

ಭೂಸಂಪರ್ಕ ಎಂಬ ಪದವನ್ನು ಈ ಸಂದರ್ಭದಲ್ಲಿ ಎರಡು ಭಿನ್ನ ಅರ್ಥಗಳಲ್ಲಿ ಬಳಸಲಾಗುತ್ತದೆ. ಮೊದಲನೆಯದು ಮನೆಯ ವೈರಿಂಗ್‌ನಲ್ಲಿ ಅರ್ಥಿಂಗ್ ಎಂದು ಕರೆಯಲ್ಪಡುವ ರಕ್ಷಣಾ ಭೂಸಂಪರ್ಕ. ಇದರಲ್ಲಿ ಉಪಕರಣದ ಲೋಹದ ಹೊರಕವಚವನ್ನು ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ನಿನ ಮೂಲಕ ನೆಲದಲ್ಲಿ ಹೂತ ವಿದ್ಯುದ್ವಾರಕ್ಕೆ ಜೋಡಿಸಲಾಗಿರುತ್ತದೆ. ಎರಡನೆಯದು ಸಂಕೇತದ ಗ್ರೌಂಡ್, ಅಂದರೆ ಮಂಡಲದಲ್ಲಿ ಎಲ್ಲ ವೋಲ್ಟೇಜ್‌ಗಳನ್ನು ಯಾವುದಕ್ಕೆ ಹೋಲಿಸಿ ಅಳೆಯಲಾಗುತ್ತದೆಯೋ ಆ ಸಾಮಾನ್ಯ ಬಿಂದು. ಬೇಸ್ ಗಿಟಾರ್‌ನ ಒಳಗಿರುವುದು ಎರಡನೆಯ ಬಗೆಯದು. ವಾದ್ಯವನ್ನು ಕೇಬಲ್‌ನ ಮೂಲಕ ಆಂಪ್ಲಿಫೈಯರ್‌ಗೆ ಜೋಡಿಸಿದಾಗ ಈ ಸಾಮಾನ್ಯ ಬಿಂದುವು ಆಂಪ್ಲಿಫೈಯರ್‌ನ ಚೌಕಟ್ಟನ್ನೂ, ಅಲ್ಲಿಂದ ಕಟ್ಟಡದ ರಕ್ಷಣಾ ಭೂಸಂಪರ್ಕವನ್ನೂ ಸೇರುತ್ತದೆ. ಈ ಲೇಖನದಲ್ಲಿ ವಾದ್ಯದೊಳಗಿನ ಸಾಮಾನ್ಯ ಬಿಂದುವನ್ನು ಗ್ರೌಂಡ್ ಎಂದೂ, ನೆಲದೊಂದಿಗಿನ ಸಂಪರ್ಕವನ್ನು ರಕ್ಷಣಾ ಭೂಸಂಪರ್ಕ ಎಂದೂ ಕರೆಯಲಾಗಿದೆ. ನುಡಿಸುವ ತಂತಿಗೂ ವಿದ್ಯುತ್ ತಂತಿಗೂ ಗೊಂದಲವಾಗದಂತೆ ಎರಡನೆಯದನ್ನು ವೈರ್ ಎಂದು ಹೆಸರಿಸಲಾಗಿದೆ.

ಬ್ರಿಡ್ಜ್ ಎಂಬುದು ವಾದ್ಯದ ಬುಡದ ಕಡೆ ತಂತಿಗಳನ್ನು ಹೊತ್ತು ನಿಲ್ಲುವ ಭಾಗ. ವೀಣೆಯಲ್ಲಿ ಕುದುರೆಯು ಮಾಡುವ ಕೆಲಸವನ್ನು ಇದು ಮಾಡುತ್ತದೆ. ಬೇಸ್ ಗಿಟಾರ್‌ನಲ್ಲಿ ಇದು ಸಾಮಾನ್ಯವಾಗಿ ಲೋಹದ ತಟ್ಟೆಯಾಗಿದ್ದು, ತಂತಿಗಳ ತುದಿಯ ಗುಂಡುಗಳು ಇದಕ್ಕೆ ಸಿಕ್ಕಿಕೊಂಡಿರುತ್ತವೆ. ಹೀಗಾಗಿ ಬ್ರಿಡ್ಜ್ ಅನ್ನು ಗ್ರೌಂಡ್‌ಗೆ ಜೋಡಿಸಿದರೆ ಎಲ್ಲ ತಂತಿಗಳನ್ನೂ ಜೋಡಿಸಿದಂತಾಗುತ್ತದೆ.

ಹಿನ್ನೆಲೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರು 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ವ್ಯಾಪಕವಾಗಿ ಬಳಕೆಗೆ ಬಂದ ಮೊದಲ ವಿದ್ಯುತ್ ಬೇಸ್ ಗಿಟಾರ್ ಆಗಿದೆ. ಮೊದಲಿಗೆ ಇದರಲ್ಲಿ ಒಂಟಿ ಸುರುಳಿಯ ಪಿಕಪ್ ಇತ್ತು. 1957ರಲ್ಲಿ ಇದರ ಜಾಗದಲ್ಲಿ ಎರಡು ಭಾಗಗಳಾಗಿ ಒಡೆದ, ಹಮ್ ರದ್ದುಗೊಳಿಸುವ ಪಿಕಪ್ ಬಂದಿತು. 1960ರಲ್ಲಿ ಎರಡು ಒಂಟಿ ಸುರುಳಿ ಪಿಕಪ್‌ಗಳುಳ್ಳ ಜಾಝ್ ಬೇಸ್ ಮಾರುಕಟ್ಟೆಗೆ ಬಂದಿತು. ಆ ಕಾಲದ ಕೆಲವು ಫೆಂಡರ್ ಬೇಸ್‌ಗಳಲ್ಲಿ ಬ್ರಿಡ್ಜ್‌ನಿಂದ ಪಿಕಪ್ ಕುಳಿಯವರೆಗೆ ವೈರ್‌ನ ಬದಲಿಗೆ ತೆಳುವಾದ ಲೋಹದ ಪಟ್ಟಿಯನ್ನು ಮರದ ಮೇಲ್ಮೈಯಲ್ಲಿಯೇ ಹಾಯಿಸಲಾಗಿತ್ತು. ಬ್ರಿಡ್ಜ್‌ನ ಮೇಲಿನ ಲೋಹದ ಮುಚ್ಚಳವು ಅದನ್ನು ಮರೆಮಾಡುತ್ತಿತ್ತು. ಮುಂದೆ ಮರದೊಳಗೆ ಕೊರೆದ ಕಿರುರಂಧ್ರದ ಮೂಲಕ ವೈರ್ ಹಾಯಿಸುವ ಪದ್ಧತಿಯೇ ಸಾಮಾನ್ಯವಾಯಿತು. 1970ರ ದಶಕದಲ್ಲಿ ಅಲೆಂಬಿಕ್ ಸಂಸ್ಥೆಯ ವಾದ್ಯಗಳು ಹಾಗೂ 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸ್‌ನೊಂದಿಗೆ, ವಾದ್ಯದೊಳಗೇ ಬ್ಯಾಟರಿಯಿಂದ ನಡೆಯುವ ಪ್ರಿ-ಆಂಪ್ಲಿಫೈಯರ್ ಇರುವ ಸಕ್ರಿಯ ಬೇಸ್‌ಗಳು ಪ್ರಚಾರಕ್ಕೆ ಬಂದವು.

ಗದ್ದಲದ ಮೂಲಗಳು

ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಕೂದಲೆಳೆಯಂತಹ ತಾಮ್ರದ ವೈರ್‌ನ ಸಾವಿರಾರು ಸುತ್ತುಗಳನ್ನು ಸುತ್ತಿದ ಸುರುಳಿ. ಉಕ್ಕಿನ ಅಥವಾ ನಿಕಲ್ ಲೇಪಿತ ತಂತಿಯು ಕಂಪಿಸಿದಾಗ ಸುರುಳಿಯಲ್ಲಿನ ಕಾಂತೀಯ ಕ್ಷೇತ್ರ ಬದಲಾಗಿ ಸಣ್ಣ ವೋಲ್ಟೇಜ್ ಪ್ರೇರಿತವಾಗುತ್ತದೆ. ಇದೇ ಸುರುಳಿ ಸುತ್ತಮುತ್ತಲಿನ ವಿದ್ಯುತ್ ಉಪಕರಣಗಳ ಪ್ರಭಾವವನ್ನೂ ಸ್ವೀಕರಿಸುತ್ತದೆ. ಹೀಗೆ ಬರುವ ಗದ್ದಲದಲ್ಲಿ ಎರಡು ಮುಖ್ಯ ಬಗೆಗಳಿವೆ.

ಕಾಂತೀಯ ಗದ್ದಲ: ಟ್ರಾನ್ಸ್‌ಫಾರ್ಮರ್, ಮೋಟಾರು ಮತ್ತು ವಿದ್ಯುತ್ ಹರಿಯುವ ವೈರ್‌ಗಳ ಸುತ್ತ ಬದಲಾಗುವ ಕಾಂತೀಯ ಕ್ಷೇತ್ರವಿರುತ್ತದೆ. ಇದರ ಆವೃತ್ತಿ ಭಾರತದಲ್ಲಿ 50 ಹರ್ಟ್ಸ್, ಅಮೆರಿಕದಲ್ಲಿ 60 ಹರ್ಟ್ಸ್. ಇದು ಪಿಕಪ್‌ನಲ್ಲಿ ಆಳವಾದ, ಸ್ಥಿರವಾದ ಗುಂಯ್‌ಗುಡುವ ಸದ್ದನ್ನು, ಅಂದರೆ ಹಮ್ ಅನ್ನು ಉಂಟುಮಾಡುತ್ತದೆ. ತಾಮ್ರದ ತೆಳು ಹಾಳೆಯ ಕವಚವು ಇಷ್ಟು ಕಡಿಮೆ ಆವೃತ್ತಿಯ ಕಾಂತೀಯ ಕ್ಷೇತ್ರವನ್ನು ತಡೆಯಲಾರದು. ಗ್ರೌಂಡ್ ಸಂಪರ್ಕವೂ ಇದನ್ನು ಕಡಿಮೆ ಮಾಡುವುದಿಲ್ಲ. ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸುತ್ತಿದ, ವಿರುದ್ಧ ಧ್ರುವದ ಅಯಸ್ಕಾಂತಗಳುಳ್ಳ ಎರಡು ಸುರುಳಿಗಳನ್ನು ಕೂಡಿಸುವುದೇ ಇದಕ್ಕೆ ಪರಿಹಾರ. ಆಗ ತಂತಿಯ ಸಂಕೇತ ಕೂಡಿಕೊಂಡು ಹಮ್ ಕಳೆದುಹೋಗುತ್ತದೆ.

ಸ್ಥಿರವಿದ್ಯುತ್ ಗದ್ದಲ: ವಿದ್ಯುತ್ ವೈರ್‌ಗಳು ಬದಲಾಗುವ ವಿದ್ಯುತ್ ಕ್ಷೇತ್ರವನ್ನೂ ಉಂಟುಮಾಡುತ್ತವೆ. ಇದು ಗಾಳಿಯ ಮೂಲಕ ಕೆಪ್ಯಾಸಿಟರ್‌ನಂತೆ ವರ್ತಿಸಿ ಹತ್ತಿರದ ವಾಹಕಗಳಿಗೆ ವರ್ಗಾವಣೆಯಾಗುತ್ತದೆ. ಟ್ಯೂಬ್‌ಲೈಟ್ ಹಾಗೂ ದೀಪದ ಡಿಮ್ಮರ್‌ಗಳಿಂದ ಬರುವ ಮೇಲಿನ ಆವೃತ್ತಿಗಳು ಸುಲಭವಾಗಿ ಹೀಗೆ ದಾಟುವುದರಿಂದ ಸದ್ದು ಕರಕರ ಎನ್ನುವಂತೆ ತೀಕ್ಷ್ಣವಾಗಿರುತ್ತದೆ. ಕವಚ ಮತ್ತು ಬ್ರಿಡ್ಜ್ ಸಂಪರ್ಕಗಳು ತಡೆಯುವುದು ಈ ಬಗೆಯ ಗದ್ದಲವನ್ನು.

ಈ ವ್ಯತ್ಯಾಸವನ್ನು ಗಮನಿಸದೆ ಹೋದರೆ ದುರಸ್ತಿಯ ಶ್ರಮ ವ್ಯರ್ಥವಾಗುತ್ತದೆ. ಜಾಝ್ ಬೇಸ್‌ನ ಒಂದೇ ಪಿಕಪ್ ಅನ್ನು ತೆರೆದಾಗ ಕೇಳುವ ಹಮ್‌ಗೆ ಎಷ್ಟೇ ಒಳ್ಳೆಯ ಬ್ರಿಡ್ಜ್ ವೈರ್ ಹಾಕಿದರೂ ಪ್ರಯೋಜನವಿಲ್ಲ. ವಾದ್ಯವನ್ನು ಹಿಡಿದು ನಿಂತಲ್ಲೇ ತಿರುಗಿದಾಗ ಸದ್ದು ಏರಿಳಿದರೆ ಅದು ಬಹುಮಟ್ಟಿಗೆ ಕಾಂತೀಯ ಗದ್ದಲ. ತಂತಿಯನ್ನು ಮುಟ್ಟಿದಾಗ ಸದ್ದು ಬದಲಾದರೆ ಅದು ಸ್ಥಿರವಿದ್ಯುತ್ ಗದ್ದಲ.

ಬ್ರಿಡ್ಜ್ ವೈರ್‌ನ ಕಾರ್ಯವಿಧಾನ

ಮನುಷ್ಯದೇಹವು ಉಪ್ಪುನೀರಿನಿಂದ ಕೂಡಿದ, ಗಾತ್ರದಲ್ಲಿ ದೊಡ್ಡದಾದ ವಾಹಕ. ವಿದ್ಯುತ್ ವೈರಿಂಗ್ ಇರುವ ಕೋಣೆಯಲ್ಲಿ ಯಾವುದಕ್ಕೂ ಜೋಡಣೆಯಿಲ್ಲದೆ ನಿಂತ ದೇಹದ ಮೇಲೆ ನೆಲಕ್ಕೆ ಹೋಲಿಸಿದರೆ ಕೆಲವು ವೋಲ್ಟ್‌ಗಳಷ್ಟು ಪರ್ಯಾಯ ವಿಭವ ಏರ್ಪಡಬಹುದು. ಇದರ ಹಿಂದಿನ ವಿದ್ಯುತ್ ಪ್ರವಾಹ ಅತ್ಯಲ್ಪವಾದ್ದರಿಂದ ದೇಹಕ್ಕೆ ಅದು ಅರಿವಾಗುವುದಿಲ್ಲ. ಆದರೆ ಪಿಕಪ್‌ನ ಸಂಕೇತವೂ ಸಾಮಾನ್ಯವಾಗಿ ಕೆಲವು ನೂರು ಮಿಲಿವೋಲ್ಟ್‌ಗಳಷ್ಟೇ ಇರುತ್ತದೆ. ಪಿಕಪ್‌ನ ಮಂಡಲ ಹೆಚ್ಚಿನ ಇಂಪೀಡೆನ್ಸ್ ಉಳ್ಳದ್ದಾದ್ದರಿಂದ, ವಾದ್ಯಕ್ಕೆ ಒರಗಿ ನಿಂತ ದೇಹದಿಂದ ಸುರುಳಿಗೂ ಒಳಗಿನ ವೈರ್‌ಗಳಿಗೂ ಗದ್ದಲ ಸುಲಭವಾಗಿ ದಾಟುತ್ತದೆ.

ತಂತಿಗಳು ಗ್ರೌಂಡ್‌ಗೆ ಜೋಡಣೆಯಾಗಿದ್ದರೆ, ವಾದಕರ ಬೆರಳು ತಂತಿಗೆ ತಗುಲಿದ ಕ್ಷಣದಲ್ಲಿ ದೇಹ ಮತ್ತು ಮಂಡಲದ ಸಾಮಾನ್ಯ ಬಿಂದುಗಳ ನಡುವಿನ ವಿಭವಾಂತರ ಬಹುತೇಕ ಇಲ್ಲವಾಗುತ್ತದೆ. ವಿಭವಾಂತರವಿಲ್ಲದ ಕಡೆ ಗದ್ದಲ ದಾಟಲು ಕಾರಣವಿಲ್ಲ. ಅಷ್ಟೇ ಅಲ್ಲದೆ, ಪಿಕಪ್‌ಗೆ ಅತಿ ಸಮೀಪದಲ್ಲಿರುವ ದೇಹವು ಹೊರಗಿನ ವಿದ್ಯುತ್ ಕ್ಷೇತ್ರಕ್ಕೆ ಅಡ್ಡನಿಂತು ಕವಚದಂತೆ ವರ್ತಿಸುತ್ತದೆ. ಆದ್ದರಿಂದ ತಂತಿ ಮುಟ್ಟಿದಾಗ ಗದ್ದಲ ಕಡಿಮೆಯಾಗುವುದು ದೋಷವಲ್ಲ. ಬ್ರಿಡ್ಜ್ ವೈರ್ ತನ್ನ ಕೆಲಸವನ್ನು ಮಾಡುತ್ತಿದೆ ಎಂಬುದರ ಗುರುತು ಅದು.

ವಾದಕರೇ ವಾದ್ಯವನ್ನು ನೆಲಕ್ಕೆ ಜೋಡಿಸುತ್ತಾರೆ ಎಂಬ ತಿಳಿವಳಿಕೆ ಪ್ರಚಲಿತವಾಗಿದ್ದರೂ ಅದು ಸರಿಯಲ್ಲ. ರಬ್ಬರ್ ಅಟ್ಟೆಯ ಚಪ್ಪಲಿ ಧರಿಸಿ ಒಣ ಮರದ ವೇದಿಕೆಯ ಮೇಲೆ ನಿಂತವರು ಮುಟ್ಟಿದರೂ ಗದ್ದಲ ಕಡಿಮೆಯಾಗುತ್ತದೆ. ತಂತಿರಹಿತ ಪ್ರೇಷಕವನ್ನು ಬಳಸಿದಾಗ ವಾದ್ಯಕ್ಕೂ ಆಂಪ್ಲಿಫೈಯರ್‌ಗೂ ನಡುವೆ ಲೋಹದ ಸಂಪರ್ಕವೇ ಇರುವುದಿಲ್ಲ. ಆಗಲೂ ಬ್ರಿಡ್ಜ್ ವೈರ್ ತನ್ನ ಕೆಲಸ ಮಾಡುತ್ತದೆ. ದೇಹ ಮತ್ತು ಮಂಡಲ ಒಂದೇ ವಿಭವದಲ್ಲಿರುವುದು ಮುಖ್ಯ. ಆ ವಿಭವವು ನೆಲದ ವಿಭವವೇ ಆಗಿರಬೇಕೆಂದಿಲ್ಲ.

ವಿದ್ಯುನ್ಮಂಡಲದ ರಚನೆ

ಸಾಮಾನ್ಯ ಬೇಸ್ ಗಿಟಾರ್‌ನಲ್ಲಿ ಪಿಕಪ್‌ಗಳು, ಧ್ವನಿಯ ಪ್ರಮಾಣವನ್ನು ನಿಯಂತ್ರಿಸುವ ವಾಲ್ಯೂಮ್ ಪಾಟ್, ನಾದಗುಣವನ್ನು ನಿಯಂತ್ರಿಸುವ ಟೋನ್ ಪಾಟ್, ಟೋನ್ ಕೆಪ್ಯಾಸಿಟರ್ ಮತ್ತು 6.35 ಮಿಲಿಮೀಟರ್‌ನ ಜ್ಯಾಕ್ ಇರುತ್ತವೆ. ಪಾಟ್ ಎಂದರೆ ತಿರುಗಿಸಿ ಬದಲಾಯಿಸಬಹುದಾದ ರೋಧಕ, ಅಂದರೆ ಪೊಟೆನ್ಶಿಯೋಮೀಟರ್. ಜ್ಯಾಕ್‌ನಲ್ಲಿ ತುದಿ ಮತ್ತು ತೋಳು ಎಂಬ ಎರಡು ಸಂಪರ್ಕಗಳಿದ್ದು, ತುದಿಯು ಸಂಕೇತವನ್ನೂ ತೋಳು ಗ್ರೌಂಡ್ ಅನ್ನೂ ಹೊರುತ್ತದೆ. ಪಿಕಪ್‌ನ ಒಂದು ವೈರ್, ಪಾಟ್‌ಗಳ ಲೋಹದ ಹೊದಿಕೆ, ಕುಳಿಯ ಕವಚ, ಬ್ರಿಡ್ಜ್ ವೈರ್ ಮತ್ತು ಜ್ಯಾಕ್‌ನ ತೋಳು ಇವೆಲ್ಲವೂ ಒಂದಕ್ಕೊಂದು ಕೂಡಿಕೊಂಡಿರಬೇಕು. ವಾಡಿಕೆಯಲ್ಲಿ ವಾಲ್ಯೂಮ್ ಪಾಟ್‌ನ ಬೆನ್ನನ್ನು ಈ ಎಲ್ಲ ವೈರ್‌ಗಳು ಸೇರುವ ತಾಣವಾಗಿ ಬಳಸಲಾಗುತ್ತದೆ.

ಪ್ರಿಸಿಷನ್ ಮಾದರಿ: ಒಡೆದ ಪಿಕಪ್‌ನ ಎರಡು ಭಾಗಗಳು ಸರಣಿಯಲ್ಲಿ ಜೋಡಣೆಯಾಗಿದ್ದು, ಪರಸ್ಪರ ವಿರುದ್ಧ ಸುತ್ತು ಹಾಗೂ ವಿರುದ್ಧ ಧ್ರುವಗಳನ್ನು ಹೊಂದಿರುತ್ತವೆ. ಎರಡೂ ಭಾಗಗಳ ಒಟ್ಟು ರೋಧ ಸುಮಾರು 10ರಿಂದ 11 ಕಿಲೋ ಓಮ್. ಪಿಕಪ್‌ನ ಸಂಕೇತದ ವೈರ್ 250 ಕಿಲೋ ಓಮ್‌ನ ವಾಲ್ಯೂಮ್ ಪಾಟ್‌ನ ಒಂದು ಹೊರಕಾಲಿಗೆ ಬರುತ್ತದೆ. ಇನ್ನೊಂದು ಹೊರಕಾಲನ್ನು ಪಾಟ್‌ನ ಹೊದಿಕೆಗೆ ಬೆಸೆಯಲಾಗುತ್ತದೆ. ನಡುಕಾಲಿನಿಂದ ಜ್ಯಾಕ್‌ನ ತುದಿಗೆ ಸಂಕೇತ ಹೋಗುತ್ತದೆ. ಟೋನ್ ಪಾಟ್ ಸಹ 250 ಕಿಲೋ ಓಮ್‌ನದಾಗಿದ್ದು, ಅದರ ಕೆಪ್ಯಾಸಿಟರ್ ಹಳೆಯ ವಾದ್ಯಗಳಲ್ಲಿ 0.1 ಮೈಕ್ರೋಫ್ಯಾರಡ್, ಈಚಿನವುಗಳಲ್ಲಿ ಸುಮಾರು 0.05 ಮೈಕ್ರೋಫ್ಯಾರಡ್ ಇರುತ್ತದೆ. ನಿಯಂತ್ರಣಗಳು ಪ್ಲಾಸ್ಟಿಕ್ ಫಲಕದ ಮೇಲಿರುವುದರಿಂದ ಫಲಕದ ಹಿಂಬದಿಗೆ ಲೋಹದ ಹಾಳೆಯನ್ನು ಅಂಟಿಸಿ ಅದನ್ನೂ ಗ್ರೌಂಡ್‌ಗೆ ಸೇರಿಸಲಾಗುತ್ತದೆ.

ಜಾಝ್ ಮಾದರಿ: ಎರಡು ಪಿಕಪ್‌ಗಳಿಗೆ ಪ್ರತ್ಯೇಕ ವಾಲ್ಯೂಮ್ ಪಾಟ್‌ಗಳಿದ್ದು, ಟೋನ್ ಪಾಟ್ ಎರಡಕ್ಕೂ ಸಾಮಾನ್ಯವಾಗಿರುತ್ತದೆ. ಇಲ್ಲಿ ಪಿಕಪ್‌ನ ವೈರ್ ವಾಲ್ಯೂಮ್ ಪಾಟ್‌ನ ನಡುಕಾಲಿಗೆ ಬರುತ್ತದೆ, ಸಂಕೇತವು ಹೊರಕಾಲಿನಿಂದ ಹೊರಡುತ್ತದೆ. ಇದರಿಂದಾಗಿ ಒಂದು ಪಿಕಪ್‌ನ ವಾಲ್ಯೂಮ್ ಅನ್ನು ಸೊನ್ನೆಗೆ ತಂದಾಗ ಇನ್ನೊಂದರ ಧ್ವನಿ ನಿಂತುಹೋಗುವುದಿಲ್ಲ. ಪಾಟ್‌ಗಳು ಮತ್ತು ಜ್ಯಾಕ್ ಲೋಹದ ಒಂದೇ ತಟ್ಟೆಯ ಮೇಲಿರುವುದರಿಂದ ಆ ತಟ್ಟೆಯೇ ಅವುಗಳ ಗ್ರೌಂಡ್‌ಗಳನ್ನು ಕೂಡಿಸುತ್ತದೆ. ಆದರೂ ತಿರುಪುಗಳು ಸಡಿಲವಾದಾಗ ಸಂಪರ್ಕ ತಪ್ಪದಂತೆ ವೈರ್‌ನಿಂದಲೂ ಜೋಡಿಸುವುದು ಉತ್ತಮ. ಪಿಕಪ್‌ಗಳು ವಿರುದ್ಧ ಸುತ್ತಿನವಾಗಿದ್ದಾಗ, ಎರಡೂ ವಾಲ್ಯೂಮ್‌ಗಳು ಸಮನಾಗಿ ತೆರೆದಿದ್ದರೆ ಹಮ್ ರದ್ದಾಗುತ್ತದೆ.

ಸಕ್ರಿಯ ಮಾದರಿ: 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರಿ-ಆಂಪ್ಲಿಫೈಯರ್ ಇರುವ ವಾದ್ಯಗಳಲ್ಲಿ ಜ್ಯಾಕ್‌ಗೆ ತುದಿ, ಉಂಗುರ, ತೋಳು ಎಂಬ ಮೂರು ಸಂಪರ್ಕಗಳಿರುತ್ತವೆ. ಬ್ಯಾಟರಿಯ ಋಣ ವೈರ್ ಉಂಗುರಕ್ಕೆ ಬರುತ್ತದೆ. ಸಾಮಾನ್ಯ ಎರಡು ಸಂಪರ್ಕದ ಪ್ಲಗ್ ತೂರಿಸಿದಾಗ ಅದರ ತೋಳು ಉಂಗುರವನ್ನೂ ಗ್ರೌಂಡ್ ಅನ್ನೂ ಕೂಡಿಸುವುದರಿಂದ ಬ್ಯಾಟರಿ ಚಾಲೂ ಆಗುತ್ತದೆ. ಕೇಬಲ್ ತೆಗೆಯದೆ ಇಟ್ಟರೆ ಬ್ಯಾಟರಿ ಮುಗಿದುಹೋಗಲು ಇದೇ ಕಾರಣ. ಪ್ರಿ-ಆಂಪ್ಲಿಫೈಯರ್ ಇದ್ದರೂ ಪಿಕಪ್‌ಗಳು ಸಾಮಾನ್ಯ ಬಗೆಯವಾಗಿದ್ದರೆ ಬ್ರಿಡ್ಜ್ ವೈರ್ ಅಗತ್ಯ. ಇಎಂಜಿ ಸಂಸ್ಥೆಯ ಸಕ್ರಿಯ ಪಿಕಪ್‌ಗಳಂತೆ ಆಂಪ್ಲಿಫೈಯರ್ ಪಿಕಪ್‌ನ ಒಳಗೇ ಇದ್ದು, ಒಳಗವಚವೂ ಇರುವಲ್ಲಿ ಮಾತ್ರ ಬ್ರಿಡ್ಜ್ ವೈರ್ ಬೇಕಾಗುವುದಿಲ್ಲ. ಇಂತಹ ಪಿಕಪ್ ಹಾಕುವಾಗ ಆ ವೈರ್ ಅನ್ನು ಬಿಡುವುದರಿಂದ ವಿದ್ಯುದಾಘಾತದ ಅಪಾಯವೂ ಕಡಿಮೆಯಾಗುತ್ತದೆ.

ಅಳವಡಿಕೆ

ಬ್ರಿಡ್ಜ್ ತಟ್ಟೆಯ ಅಡಿಯಿಂದ ನಿಯಂತ್ರಣ ಕುಳಿಗೆ, ಅಥವಾ ಹತ್ತಿರದ ಪಿಕಪ್ ಕುಳಿಗೆ, ಓರೆಯಾಗಿ ಕಿರುರಂಧ್ರವನ್ನು ಕೊರೆಯಲಾಗುತ್ತದೆ. ರಂಧ್ರದ ಬಾಯಿ ತಟ್ಟೆಯ ಅಂಚಿನೊಳಗೆ ಮರೆಯಾಗುವಂತಿರಬೇಕು. ಹಲವು ಎಳೆಗಳ ವೈರ್ ಅನ್ನು ಹಾಯಿಸಿ, ಬ್ರಿಡ್ಜ್ ಕಡೆಯ ತುದಿಯಲ್ಲಿ ಸುಮಾರು 2 ಸೆಂಟಿಮೀಟರ್‌ನಷ್ಟು ಹೊದಿಕೆಯನ್ನು ಸುಲಿದು, ಎಳೆಗಳನ್ನು ಬೀಸಣಿಗೆಯಂತೆ ಹರಡಿ ತಟ್ಟೆಯ ಕೆಳಗೆ ಇಡಲಾಗುತ್ತದೆ. ತಿರುಪುಗಳನ್ನು ಬಿಗಿದಾಗ ತಟ್ಟೆಯು ಎಳೆಗಳನ್ನು ಒತ್ತಿ ಹಿಡಿಯುತ್ತದೆ. ಇಲ್ಲಿ ಬೆಸುಗೆ ಅಗತ್ಯವಿಲ್ಲ. ತಟ್ಟೆಯ ಅಡಿಭಾಗಕ್ಕೆ ಬಣ್ಣ ಅಥವಾ ಅವಾಹಕ ಲೇಪನವಿದ್ದರೆ ವೈರ್ ತಗುಲುವ ಜಾಗದಲ್ಲಿ ಅದನ್ನು ಕೆರೆದು ಲೋಹ ಕಾಣುವಂತೆ ಮಾಡಬೇಕು. ಕಪ್ಪು ಬಣ್ಣದ ಬ್ರಿಡ್ಜ್‌ಗಳಲ್ಲಿ ಸಂಪರ್ಕ ಸಿಗದಿರಲು ಇದು ಸಾಮಾನ್ಯ ಕಾರಣ. ಬ್ರಿಡ್ಜ್ ಅನ್ನು ಎರಡು ಗೂಟಗಳ ಮೇಲೆ ನಿಲ್ಲಿಸುವ ವಾದ್ಯಗಳಲ್ಲಿ ವೈರ್ ಅನ್ನು ಗೂಟದ ಕುಳಿಯೊಳಗೆ ತಂದು, ಗೂಟದ ಲೋಹದ ಕೊಳವೆಗೆ ಒತ್ತಿಕೊಳ್ಳುವಂತೆ ಕೂರಿಸಲಾಗುತ್ತದೆ.

ವೈರ್‌ನ ಇನ್ನೊಂದು ತುದಿಯನ್ನು ವಾಲ್ಯೂಮ್ ಪಾಟ್‌ನ ಬೆನ್ನಿಗೆ ಬೆಸೆಯಲಾಗುತ್ತದೆ. ಪಾಟ್‌ನ ಹೊದಿಕೆ ಶಾಖವನ್ನು ಬೇಗ ಹೀರಿಕೊಳ್ಳುವುದರಿಂದ 40 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ, ಅಗಲ ತುದಿಯ ಬೆಸುಗೆ ಕಡ್ಡಿ ಬೇಕಾಗುತ್ತದೆ. ಬೆನ್ನನ್ನು ಮೊದಲು ಮರಳು ಕಾಗದದಿಂದ ಉಜ್ಜಿ, ತೆಳುವಾಗಿ ಬೆಸುಗೆ ಲೇಪಿಸಿ, ಅನಂತರ ವೈರ್ ಇಟ್ಟು ಕರಗಿಸಿದರೆ ಸಂಪರ್ಕ ದೃಢವಾಗುತ್ತದೆ. ದುರ್ಬಲ ಕಡ್ಡಿಯನ್ನು ದೀರ್ಘಕಾಲ ಒತ್ತಿ ಹಿಡಿದರೆ ಪಾಟ್‌ನ ಒಳಗಿನ ಇಂಗಾಲದ ಪಟ್ಟಿ ಕೆಡಬಹುದು. ಬೆಸುಗೆಯು ಗೋಲಿಯಂತೆ ಉಬ್ಬಿ, ಮೇಲ್ಮೈ ಮಸುಕಾಗಿದ್ದರೆ ಅದು ಸರಿಯಾಗಿ ಹಿಡಿದಿಲ್ಲವೆಂದು ತಿಳಿಯಬೇಕು.

ಕವಚ

ಕುಳಿಯ ಒಳಗೋಡೆಗಳಿಗೆ ತಾಮ್ರದ ಅಂಟುಪಟ್ಟಿಯನ್ನಾಗಲಿ, ಗ್ರಾಫೈಟ್ ಮುಂತಾದ ವಾಹಕ ಕಣಗಳುಳ್ಳ ಬಣ್ಣವನ್ನಾಗಲಿ ಲೇಪಿಸಿ ಗ್ರೌಂಡ್‌ಗೆ ಜೋಡಿಸಿದರೆ ಸ್ಥಿರವಿದ್ಯುತ್ ಗದ್ದಲ ಇನ್ನಷ್ಟು ಕಡಿಮೆಯಾಗುತ್ತದೆ. ಪಟ್ಟಿಯ ಅಂಟು ಸಹ ವಾಹಕವಾಗಿರದಿದ್ದರೆ ಒಂದರ ಮೇಲೊಂದು ಬರುವ ಅಂಚುಗಳನ್ನು ಬೆಸೆಯಬೇಕು. ಕುಳಿಯ ಮುಚ್ಚಳಕ್ಕೂ ಕವಚ ಹಾಕಿ, ಮುಚ್ಚಿದಾಗ ಅದು ಗೋಡೆಯ ಕವಚಕ್ಕೆ ತಾಗುವಂತೆ ನೋಡಿಕೊಳ್ಳಬೇಕು. ಸಂಕೇತದ ವೈರ್ ಅಥವಾ ಜ್ಯಾಕ್‌ನ ತುದಿಯ ಸಂಪರ್ಕ ಕವಚಕ್ಕೆ ತಾಗಿದರೆ ಧ್ವನಿ ಪೂರ್ತಿಯಾಗಿ ನಿಂತುಹೋಗುತ್ತದೆ. ಹೊಸದಾಗಿ ಕವಚ ಹಾಕಿದ ವಾದ್ಯವು ಮೂಕವಾಗಲು ಬಹುಪಾಲು ಇದೇ ಕಾರಣ.

ಪರೀಕ್ಷೆ ಮತ್ತು ದೋಷ ಪತ್ತೆ

ಆಂಪ್ಲಿಫೈಯರ್‌ನಿಂದ ಕೇಬಲ್ ತೆಗೆದು, ಅದರ ಇನ್ನೊಂದು ತುದಿಯನ್ನು ವಾದ್ಯದಲ್ಲಿಯೇ ಇರಿಸಿ, ಮಲ್ಟಿಮೀಟರ್‌ನಿಂದ ಪರೀಕ್ಷಿಸಬಹುದು. ಪ್ಲಗ್‌ನ ತೋಳು ಮತ್ತು ಬ್ರಿಡ್ಜ್‌ಗಳ ನಡುವಿನ ರೋಧ 1ರಿಂದ 2 ಓಮ್‌ಗಿಂತ ಹೆಚ್ಚಿರಬಾರದು. ಪ್ರತಿಯೊಂದು ತಂತಿಗೂ ಈ ಅಳತೆಯನ್ನು ಪುನರಾವರ್ತಿಸಬೇಕು. ವಾಲ್ಯೂಮ್ ಪೂರ್ತಿ ತೆರೆದಾಗ ಪ್ಲಗ್‌ನ ತುದಿ ಮತ್ತು ತೋಳುಗಳ ನಡುವೆ ಪ್ರಿಸಿಷನ್ ಮಾದರಿಯಲ್ಲಿ ಸುಮಾರು 10 ಕಿಲೋ ಓಮ್ ಕಾಣುತ್ತದೆ. ಎರಡು ಪಿಕಪ್‌ಗಳೂ ತೆರೆದ ಜಾಝ್ ಮಾದರಿಯಲ್ಲಿ ಅವು ಸಮಾಂತರವಾಗಿರುವುದರಿಂದ ಸುಮಾರು 4 ಕಿಲೋ ಓಮ್ ಕಾಣುತ್ತದೆ. ಸಕ್ರಿಯ ವಾದ್ಯಗಳಿಗೆ ತುದಿಯ ಈ ಅಳತೆ ಅನ್ವಯಿಸುವುದಿಲ್ಲ.

ಕೇಳಿಬರುವ ಲಕ್ಷಣಗಳಿಂದಲೂ ದೋಷದ ಜಾಗವನ್ನು ಗುರುತಿಸಬಹುದು:

• ಲೋಹದ ಗುಬ್ಬಿ ಅಥವಾ ಜ್ಯಾಕ್ ಮುಟ್ಟಿದಾಗ ಗದ್ದಲ ಇಳಿದು, ತಂತಿ ಮುಟ್ಟಿದಾಗ ಇಳಿಯದಿದ್ದರೆ ಬ್ರಿಡ್ಜ್ ವೈರ್ ಕಡಿದಿದೆ ಅಥವಾ ತಟ್ಟೆಗೆ ತಾಗುತ್ತಿಲ್ಲ.
• ತಂತಿ ಮುಟ್ಟಿದಾಗ ಗದ್ದಲ ಏರಿದರೆ ಜ್ಯಾಕ್‌ನಲ್ಲಿ ತುದಿ ಮತ್ತು ತೋಳುಗಳ ವೈರ್‌ಗಳು ಅದಲುಬದಲಾಗಿವೆ, ಅಥವಾ ಬ್ರಿಡ್ಜ್ ವೈರ್ ಸಂಕೇತದ ಕಡೆ ಸೇರಿದೆ.
• ಒಂದು ತಂತಿಯನ್ನು ಮುಟ್ಟಿದಾಗ ಮಾತ್ರ ಗದ್ದಲ ಇಳಿಯದಿದ್ದರೆ ಆ ತಂತಿಯ ಮೇಲ್ಮೈಗೆ ಅವಾಹಕ ಲೇಪನವಿರಬಹುದು, ಅಥವಾ ಅದು ಬ್ರಿಡ್ಜ್‌ನ ಲೋಹಕ್ಕೆ ತಾಗುತ್ತಿಲ್ಲ.
• ವಾದ್ಯವನ್ನು ಅಲುಗಿಸಿದಾಗ ಅಥವಾ ಕೇಬಲ್ ಬಾಗಿಸಿದಾಗ ಗದ್ದಲ ಬಂದು ಹೋದರೆ ಜ್ಯಾಕ್‌ನ ನಟ್ಟು, ಅದರ ಬೆಸುಗೆ ಮತ್ತು ಕೇಬಲ್ ಇವನ್ನು ಮೊದಲು ನೋಡಬೇಕು.
• ಮುಟ್ಟಿದರೂ ಬಿಟ್ಟರೂ ಹಮ್ ಒಂದೇ ಸಮನೆ ಇದ್ದು, ವಾದ್ಯದ ದಿಕ್ಕು ಬದಲಿಸಿದಾಗ ಮಾತ್ರ ವ್ಯತ್ಯಾಸವಾದರೆ ಅದು ಕಾಂತೀಯ ಗದ್ದಲ.

ನೈಲಾನ್ ಪಟ್ಟಿ ಸುತ್ತಿದ ತಂತಿಗಳನ್ನು ಬಳಸುವ ಬೇಸ್‌ಗಳಲ್ಲಿ ತಂತಿಯ ಒಳಗಿನ ಲೋಹ ಗ್ರೌಂಡ್‌ಗೆ ಸೇರಿದ್ದರೂ ಬೆರಳಿಗೆ ಲೋಹ ತಗುಲುವುದಿಲ್ಲ. ಇಂತಹ ವಾದ್ಯಗಳಲ್ಲಿ ಬ್ರಿಡ್ಜ್ ವೈರ್‌ನ ಪ್ರಯೋಜನ ಬಹಳ ಕಡಿಮೆ. ಕುಳಿಯ ಕವಚವನ್ನೇ ಹೆಚ್ಚಾಗಿ ಅವಲಂಬಿಸಬೇಕಾಗುತ್ತದೆ.

ಸುರಕ್ಷತೆ

ಬೇಸ್ ಗಿಟಾರ್‌ನ ಒಳಗೆ ಅಪಾಯಕರ ವೋಲ್ಟೇಜ್ ಇರುವುದಿಲ್ಲ. ಅಪಾಯವು ಕೇಬಲ್‌ನ ಇನ್ನೊಂದು ತುದಿಯಿಂದ ಬರುತ್ತದೆ. ಆಂಪ್ಲಿಫೈಯರ್‌ನಲ್ಲಿ ದೋಷವುಂಟಾಗಿ, ಅದರ ರಕ್ಷಣಾ ಭೂಸಂಪರ್ಕವೂ ಇಲ್ಲದಿದ್ದರೆ, ಚೌಕಟ್ಟಿಗೆ ಬಂದ ಮನೆಯ ವಿದ್ಯುತ್ತು ಕೇಬಲ್‌ನ ತೋಳು ಮತ್ತು ಬ್ರಿಡ್ಜ್ ವೈರ್‌ಗಳ ಮೂಲಕ ನೇರವಾಗಿ ತಂತಿಗಳಿಗೆ ಬರುತ್ತದೆ. ಹಾಗೆಯೇ ಆಂಪ್ಲಿಫೈಯರ್ ಸರಿಯಾಗಿದ್ದು ಮೈಕ್ರೊಫೋನ್‌ನ ವ್ಯವಸ್ಥೆಯಲ್ಲಿ ದೋಷವಿದ್ದರೆ, ಕೈಯಲ್ಲಿ ತಂತಿ ಹಿಡಿದು ತುಟಿಯಿಂದ ಮೈಕ್ರೊಫೋನ್ ಮುಟ್ಟಿದ ವಾದಕರ ದೇಹವೇ ದಾರಿಯಾಗುತ್ತದೆ. ಎರಡನೆಯ ಸಂದರ್ಭದಲ್ಲಿ ತಂತಿಗಳು ಚೆನ್ನಾಗಿ ಭೂಸಂಪರ್ಕ ಹೊಂದಿರುವುದೇ ಆಘಾತವನ್ನು ತೀವ್ರಗೊಳಿಸುತ್ತದೆ.

ಸುಮಾರು 1 ಮಿಲಿ ಆಂಪಿಯರ್ ಪರ್ಯಾಯ ವಿದ್ಯುತ್ತು ದೇಹಕ್ಕೆ ಅರಿವಾಗುತ್ತದೆ. ಸುಮಾರು 10 ಮಿಲಿ ಆಂಪಿಯರ್‌ನಲ್ಲಿ ಸ್ನಾಯುಗಳು ಬಿಗಿದು ಹಿಡಿದುದನ್ನು ಬಿಡಲಾಗದಂತಾಗಬಹುದು. ಅದರ ಹಲವು ಪಟ್ಟು ಪ್ರವಾಹ ಎದೆಯ ಮೂಲಕ ಹಾದರೆ ಹೃದಯದ ಬಡಿತ ಅಸ್ತವ್ಯಸ್ತಗೊಂಡು ಸಾವು ಸಂಭವಿಸಬಹುದು. ಬೆವರಿದ ಕೈಗಳ ನಡುವೆ ದೇಹದ ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದಾದ್ದರಿಂದ 230 ವೋಲ್ಟ್‌ಗಳು 200 ಮಿಲಿ ಆಂಪಿಯರ್‌ಗಿಂತ ಹೆಚ್ಚಿನ ಪ್ರವಾಹವನ್ನು ಹರಿಸಬಲ್ಲವು. ಒಂದು ಕೈ ತಂತಿಯ ಮೇಲೂ ಇನ್ನೊಂದು ಕೈ ಮೈಕ್ರೊಫೋನ್‌ನ ಮೇಲೂ ಇದ್ದಾಗ ವಿದ್ಯುತ್ತಿನ ದಾರಿ ಎದೆಯ ಮೂಲಕವೇ ಹಾಯುತ್ತದೆ.

ದಾಖಲಾದ ಅವಘಡಗಳು

1965ರ ಡಿಸೆಂಬರ್ 3ರಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಡೆದ ಕಛೇರಿಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರ ಗಿಟಾರ್ ಮೈಕ್ರೊಫೋನ್ ಸ್ಟ್ಯಾಂಡ್‌ಗೆ ತಗುಲಿ, ಅವರು ವೇದಿಕೆಯ ಮೇಲೆಯೇ ಪ್ರಜ್ಞೆ ತಪ್ಪಿ ಬಿದ್ದರು. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅವರು ಸರಿಯಾದ ಭೂಸಂಪರ್ಕವಿಲ್ಲದ ಮೈಕ್ರೊಫೋನ್ ಮುಟ್ಟಿ ವಿದ್ಯುದಾಘಾತದಿಂದ ಮೃತಪಟ್ಟರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ ಅವರು 1976ರ ಮೇ ತಿಂಗಳಲ್ಲಿ ತಮ್ಮ ಮನೆಯಲ್ಲಿ, ಭೂಸಂಪರ್ಕ ಸರಿಯಿಲ್ಲದ ವಿದ್ಯುತ್ ಗಿಟಾರ್ ನುಡಿಸುತ್ತಿದ್ದಾಗ ವಿದ್ಯುದಾಘಾತಕ್ಕೆ ಬಲಿಯಾದರು. ಇವೆಲ್ಲವೂ ಗಿಟಾರ್ ವಾದಕರಿಗೆ ಸಂಬಂಧಿಸಿದ ಘಟನೆಗಳಾದರೂ, ಬೇಸ್ ಗಿಟಾರ್‌ನ ವೈರಿಂಗ್ ಇದೇ ಬಗೆಯದಾದ್ದರಿಂದ ಅಪಾಯವೂ ಒಂದೇ ಆಗಿದೆ.

ಹಳೆಯ ಆಂಪ್ಲಿಫೈಯರ್‌ಗಳು

1960ರ ದಶಕದವರೆಗೆ ಅಮೆರಿಕದಲ್ಲಿ ತಯಾರಾದ ಅನೇಕ ಆಂಪ್ಲಿಫೈಯರ್‌ಗಳಿಗೆ ಎರಡು ಪಿನ್ನಿನ ಪ್ಲಗ್ ಇದ್ದು, ಹಮ್ ಕಡಿಮೆ ಮಾಡಲು ವಿದ್ಯುತ್ ಮಾರ್ಗ ಮತ್ತು ಚೌಕಟ್ಟುಗಳ ನಡುವೆ ಒಂದು ಕೆಪ್ಯಾಸಿಟರ್ ಜೋಡಿಸಲಾಗುತ್ತಿತ್ತು. ದುರಸ್ತಿಗಾರರು ಇದನ್ನು ಮೃತ್ಯು ಕೆಪ್ಯಾಸಿಟರ್ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಇದು 0.047 ಮೈಕ್ರೋಫ್ಯಾರಡ್‌ನದಾಗಿದ್ದರೆ 120 ವೋಲ್ಟ್, 60 ಹರ್ಟ್ಸ್‌ನಲ್ಲಿ ಸುಮಾರು 2 ಮಿಲಿ ಆಂಪಿಯರ್ ಹರಿಯಬಲ್ಲದು. ಅಷ್ಟರಿಂದ ಬೆರಳಿಗೆ ಜುಮ್ಮೆನ್ನುತ್ತದೆ. ಆದರೆ ಹಳತಾದ ಕೆಪ್ಯಾಸಿಟರ್ ಒಳಗೆ ಕೂಡಿಕೊಂಡುಬಿಟ್ಟರೆ ಪೂರ್ಣ ವೋಲ್ಟೇಜ್ ತಂತಿಗಳಿಗೆ ಬರುತ್ತದೆ. ಇಂತಹ ಆಂಪ್ಲಿಫೈಯರ್‌ಗಳಿಗೆ ಮೂರು ಪಿನ್ನಿನ ಪ್ಲಗ್ ಅಳವಡಿಸಿ ಈ ಕೆಪ್ಯಾಸಿಟರ್ ಅನ್ನು ತೆಗೆಯುವುದು ರೂಢಿ. ಆಂಪ್ಲಿಫೈಯರ್‌ನ ಒಳಗೆ ವಿದ್ಯುತ್ ತೆಗೆದ ಮೇಲೂ ಹೆಚ್ಚಿನ ವೋಲ್ಟೇಜ್ ಉಳಿದಿರಬಹುದಾದ್ದರಿಂದ ಈ ಕೆಲಸವನ್ನು ತರಬೇತಿ ಪಡೆದ ತಂತ್ರಜ್ಞರೇ ಮಾಡಬೇಕು.

ಬ್ರಿಡ್ಜ್ ವೈರ್‌ನಲ್ಲಿ ರೋಧಕದ ಬಳಕೆ

ಬ್ರಿಡ್ಜ್ ವೈರ್ ಅನ್ನು ನೇರವಾಗಿ ಜೋಡಿಸುವ ಬದಲು, ಸಮಾಂತರವಾಗಿ ಕೂಡಿಸಿದ ರೋಧಕ ಮತ್ತು ಕೆಪ್ಯಾಸಿಟರ್‌ಗಳ ಮೂಲಕ ಜೋಡಿಸುವ ಪದ್ಧತಿಯೂ ಇದೆ. ಗದ್ದಲದ ಪ್ರವಾಹ ಅತ್ಯಲ್ಪವಾದ್ದರಿಂದ ಅದಕ್ಕೆ ಈ ದಾರಿ ಸಾಕು, ಆದರೆ ಅಪಾಯಕರ ಪ್ರವಾಹಕ್ಕೆ ಇದು ಇಕ್ಕಟ್ಟಾಗುತ್ತದೆ. ಉದಾಹರಣೆಗೆ 220 ಕಿಲೋ ಓಮ್ ರೋಧಕ ಮತ್ತು 0.01 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬಳಸಿದರೆ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಹರಿಯಬಹುದಾದ ಪ್ರವಾಹ ಸುಮಾರು 1.3 ಮಿಲಿ ಆಂಪಿಯರ್ ಮಾತ್ರ. ಕೆಪ್ಯಾಸಿಟರ್‌ನ ಪ್ರಮಾಣ ಇಲ್ಲಿ ನಿರ್ಣಾಯಕ. ಅಮೆರಿಕದ ಕೆಲವು ಹವ್ಯಾಸಿಗಳು ಬಳಸುವ 0.33 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ 230 ವೋಲ್ಟ್‌ನಲ್ಲಿ ಸುಮಾರು 24 ಮಿಲಿ ಆಂಪಿಯರ್ ಹರಿಯಲು ಬಿಡುತ್ತದೆ, ಇದು ಕೈ ಬಿಡಿಸಿಕೊಳ್ಳಲಾಗದ ಮಟ್ಟವನ್ನು ಮೀರಿದೆ.

ಈ ಪದ್ಧತಿಗೆ ಮಿತಿಗಳಿವೆ. ಜ್ಯಾಕ್‌ನ ತಟ್ಟೆ, ಲೋಹದ ಗುಬ್ಬಿಗಳು ಮತ್ತು ಜಾಝ್ ಮಾದರಿಯ ನಿಯಂತ್ರಣ ತಟ್ಟೆಗಳು ಗ್ರೌಂಡ್‌ಗೆ ನೇರವಾಗಿಯೇ ಸೇರಿರುತ್ತವೆ, ಅವನ್ನು ಮುಟ್ಟಿದವರಿಗೆ ಈ ರಕ್ಷಣೆ ದೊರೆಯುವುದಿಲ್ಲ. ಬಿಡಿಭಾಗಗಳು ಮನೆಯ ವಿದ್ಯುತ್ತಿನ ವೋಲ್ಟೇಜ್ ತಾಳಿಕೊಳ್ಳುವಂತಹವೂ ಆಗಿರಬೇಕು. ಆದ್ದರಿಂದ ಇದು ಸರಿಯಾದ ರಕ್ಷಣಾ ಭೂಸಂಪರ್ಕಕ್ಕೆ ಪೂರಕವೇ ಹೊರತು ಬದಲಿಯಲ್ಲ.

ಮುನ್ನೆಚ್ಚರಿಕೆಗಳು

ಹಮ್ ಹೋಗಲಾಡಿಸಲು ಆಂಪ್ಲಿಫೈಯರ್‌ನ ಮೂರನೆಯ ಪಿನ್ನನ್ನು ಕತ್ತರಿಸುವುದು ಅಥವಾ ಎರಡು ಪಿನ್ನಿನ ಅಡಾಪ್ಟರ್ ಬಳಸುವುದು ಅತ್ಯಂತ ಅಪಾಯಕಾರಿ. ಎರಡು ಉಪಕರಣಗಳು ಬೇರೆ ಬೇರೆ ಸಾಕೆಟ್‌ಗಳಿಂದ ಭೂಸಂಪರ್ಕ ಪಡೆದಾಗ ಉಂಟಾಗುವ ಸುತ್ತುಬಳಸಿನ ಹಮ್ ಅನ್ನು, ಎಲ್ಲವನ್ನೂ ಒಂದೇ ಕಡೆಯಿಂದ ಜೋಡಿಸುವ ಮೂಲಕ ಅಥವಾ ಸಂಕೇತದ ದಾರಿಯಲ್ಲಿ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಬಳಸುವ ಮೂಲಕ ನಿವಾರಿಸಬಹುದು. ಡಿಐ ಪೆಟ್ಟಿಗೆಯಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಸಂಕೇತ ಕೇಬಲ್‌ನ ಗ್ರೌಂಡ್ ಅನ್ನು ಮಾತ್ರ ಬೇರ್ಪಡಿಸುವುದರಿಂದ ಆಂಪ್ಲಿಫೈಯರ್‌ನ ರಕ್ಷಣೆಗೆ ಧಕ್ಕೆಯಾಗುವುದಿಲ್ಲ.

30 ಮಿಲಿ ಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಸಾಧನವನ್ನು ವೇದಿಕೆಯ ಸರಬರಾಜಿಗೆ ಅಳವಡಿಸುವುದು ಪರಿಣಾಮಕಾರಿ ರಕ್ಷಣೆ. ತಾತ್ಕಾಲಿಕ ವೇದಿಕೆ, ಜನರೇಟರ್ ಮತ್ತು ಒದ್ದೆ ನೆಲಗಳಿರುವ ಹೊರಾಂಗಣ ಕಾರ್ಯಕ್ರಮಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಹಾಡುವ ಮೊದಲು ತಂತಿ ಮತ್ತು ಮೈಕ್ರೊಫೋನ್‌ನ ಜಾಲರಿಗಳ ನಡುವಿನ ಪರ್ಯಾಯ ವೋಲ್ಟೇಜ್ ಅನ್ನು ಮಲ್ಟಿಮೀಟರ್‌ನಿಂದ ಅಳೆಯಬಹುದು. ಅಳೆಯುವಾಗ ಕಡ್ಡಿಗಳ ಲೋಹವನ್ನಾಗಲಿ ವಾದ್ಯವನ್ನಾಗಲಿ ಮುಟ್ಟಿರಬಾರದು. ಹತ್ತಾರು ವೋಲ್ಟ್ ತೋರಿದರೆ ಕಾರಣ ಪತ್ತೆಯಾಗುವವರೆಗೆ ಎರಡನ್ನೂ ಒಟ್ಟಿಗೆ ಮುಟ್ಟಬಾರದು.

ಎರಡು ಪಿನ್ನಿನ ಚಾರ್ಜರ್ ಇರುವ ಲ್ಯಾಪ್‌ಟಾಪ್‌ಗೆ ಆಡಿಯೋ ಇಂಟರ್‌ಫೇಸ್ ಮೂಲಕ ಬೇಸ್ ಜೋಡಿಸಿದಾಗ ತಂತಿಗಳು ಜುಮ್ಮೆನ್ನುವುದುಂಟು. ಚಾರ್ಜರ್‌ನ ಒಳಗಿನ ಗದ್ದಲ ನಿವಾರಕ ಕೆಪ್ಯಾಸಿಟರ್ ಮೂಲಕ ಸೋರುವ ಅತ್ಯಲ್ಪ ಪ್ರವಾಹ ಇದಕ್ಕೆ ಸಾಮಾನ್ಯ ಕಾರಣ. ಭೂಸಂಪರ್ಕವುಳ್ಳ ಮೂರು ಪಿನ್ನಿನ ಚಾರ್ಜರ್ ಬಳಸುವುದರಿಂದ ಅಥವಾ ಬ್ಯಾಟರಿಯಲ್ಲಿ ನಡೆಸುವುದರಿಂದ ಇದು ಇಲ್ಲವಾಗುತ್ತದೆ. ಆಂಪ್ಲಿಫೈಯರ್‌ಗೆ ಜೋಡಿಸಿದ ವಾದ್ಯದಲ್ಲಿ ಜುಮ್ಮೆನ್ನುವ ಅನುಭವವಾದರೆ ಮಾತ್ರ ಅದನ್ನು ಕಡೆಗಣಿಸದೆ, ಮೊದಲು ವಿದ್ಯುತ್ ತೆಗೆದು ಆಂಪ್ಲಿಫೈಯರ್ ಮತ್ತು ಸಾಕೆಟ್‌ಗಳ ರಕ್ಷಣಾ ಭೂಸಂಪರ್ಕವನ್ನು ಪರೀಕ್ಷಿಸಬೇಕು. ಬ್ರಿಡ್ಜ್ ವೈರ್ ಅನ್ನು ಕತ್ತರಿಸಿದರೆ ಜುಮ್ಮೆನ್ನುವುದು ನಿಲ್ಲಬಹುದು. ಆದರೆ ಆಂಪ್ಲಿಫೈಯರ್‌ನಲ್ಲಿನ ದೋಷ ಹಾಗೆಯೇ ಉಳಿಯುತ್ತದೆ.

ಇವನ್ನೂ ನೋಡಿ

• ಬೇಸ್ ಗಿಟಾರ್
• ಪಿಕಪ್
• ಪೊಟೆನ್ಶಿಯೋಮೀಟರ್
• ವಿದ್ಯುದಾಘಾತ
• ಭೂಸಂಪರ್ಕ